ನೆರಳು ಎಲ್ಲಿ ನಿಲ್ಲಬೇಕು

ಉಡುಪಿಯ ಮಹಿಳಾ ಮಂಡಳಿಯೊಂದರ ತಿಂಗಳ ಸಭೆಯಲ್ಲಿ ದಿನನಿತ್ಯದ ಮೇಕಪ್ ಬಗ್ಗೆ ನಾನು ಆಡಿದ ಮಾತುಗಳಿವು. ಅಂದು ಬರಲಾಗದವರು ಕೇಳಿದ್ದರಿಂದ ಬರೆದುಕೊಟ್ಟಿದ್ದೇನೆ. ಮಾತಿನ ಕ್ರಮ ಬದಲಿಸಿಲ್ಲ, ನಡುವೆ ಬಂದ ಪ್ರಶ್ನೆಗಳನ್ನೂ ಬಿಟ್ಟಿಲ್ಲ.

ಎಲ್ಲರಿಗೂ ನಮಸ್ಕಾರ. ಶುರು ಮಾಡುವ ಮೊದಲು ಒಂದು ಕೋರಿಕೆ. ನಾಲ್ಕೂ ಗೋಡೆಯ ಟ್ಯೂಬ್‌ಲೈಟ್ ಆರಿಸಿ, ಎಡಬದಿಯ ಕಿಟಕಿಗಳನ್ನು ಪೂರ್ತಿ ತೆರೆಯಿರಿ. ಯಾರಾದರೂ ಒಬ್ಬರು ಮುಂದೆ ಬನ್ನಿ. ಟೀಚರ್, ನೀವೇ ಬನ್ನಿ. ಈ ಕುರ್ಚಿಯಲ್ಲಿ ಕಿಟಕಿಯ ಬೆಳಕು ಒಂದು ಕೆನ್ನೆಗೆ ಬೀಳುವ ಹಾಗೆ ಕೂತುಕೊಳ್ಳಿ.

ಈಗ ಎಲ್ಲರೂ ಅವರ ಮುಖ ನೋಡಿ. ಕೆನ್ನೆಮೂಳೆಯ ಮೇಲೆ ತೆಳ್ಳಗಿನ ಒಂದು ಹೊಳಪು ಉಂಟು. ಅದರ ಕೆಳಗೆ, ಕಿವಿಯ ಬದಿಯಿಂದ ಹೊರಟು ಬಾಯಿಯ ಕಡೆಗೆ ಬರುತ್ತಾ ಮಾಸಿಹೋಗುವ ಒಂದು ನೆರಳು ಉಂಟು. ಮುಖ ಎಷ್ಟು ತೀಡಿದ ಹಾಗೆ ಕಾಣ್ತದೆ ನೋಡಿ. ಇನ್ನು ಲೈಟ್ ಹಾಕಿ. ಹೋಯಿತಲ್ಲ? ಮೂಳೆ ಅಲ್ಲೇ ಉಂಟು. ಅದನ್ನು ತೋರಿಸುತ್ತಿದ್ದ ನೆರಳು ಮಾತ್ರ ಇಲ್ಲ. ಎಲ್ಲ ಕಡೆಯಿಂದ ಒಂದೇ ಸಮ ಬೆಳಕು ಬಿದ್ದು ಮುಖ ಚಪ್ಪಟೆಯಾಯಿತು.

ನಾವು ಬೆಳಿಗ್ಗೆ ಎದ್ದು ಹಣೆಯಿಂದ ಗಲ್ಲದ ತನಕ ಒಂದೇ ಬಣ್ಣದ ಫೌಂಡೇಶನ್ ಹಚ್ಚುವಾಗ ಮಾಡುವುದು ಇದನ್ನೇ. ಮುಖದ ಮೇಲಿದ್ದ ನೆರಳನ್ನೆಲ್ಲ ಒರೆಸಿಹಾಕುತ್ತೇವೆ. ಆಮೇಲೆ ‘ಮುಖ ಯಾಕೋ ಜೋತುಬಿದ್ದ ಹಾಗೆ ಕಾಣ್ತದೆ’ ಅಂತ ಇನ್ನೊಂದು ಪದರ ಹಚ್ಚುತ್ತೇವೆ. ಮುಖಕ್ಕೆ ಎತ್ತಿದ ನೋಟ ಬರುವುದು ನೆರಳು ಅದರ ಜಾಗದಲ್ಲಿ ಇದ್ದಾಗ, ಮತ್ತು ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತಾಗ. ಇವತ್ತು ನಾನು ಹೇಳುವುದೆಲ್ಲ ಈ ಒಂದು ಮಾತಿನ ಸುತ್ತಲೇ ಇರುತ್ತದೆ.

ಇದನ್ನು ನಾನು ಬ್ಯೂಟಿ ಪಾರ್ಲರ್‌ನಲ್ಲಿ ಕಲಿತದ್ದಲ್ಲ, ಯಕ್ಷಗಾನದ ಚೌಕಿಯಲ್ಲಿ, ಅಂದರೆ ವೇಷದವರು ಬಣ್ಣ ಹಚ್ಚುವ ಜಾಗದಲ್ಲಿ ಕಲಿತದ್ದು. ನನ್ನ ಸೋದರಮಾವ ಮೇಳದಲ್ಲಿ ಸ್ತ್ರೀವೇಷ ಮಾಡುತ್ತಿದ್ದರು. ನಮ್ಮ ಊರಿನ ಗದ್ದೆಯಲ್ಲಿ ಯಕ್ಷಗಾನದ ಆಟ ಇದ್ದ ರಾತ್ರಿ ನಾನು ರಂಗಸ್ಥಳದ ಎದುರು ಕೂತದ್ದಕ್ಕಿಂತ ಚೌಕಿಯ ಮೂಲೆಯಲ್ಲಿ ಕೂತದ್ದೇ ಹೆಚ್ಚು. ಪೆಟ್ಟಿಗೆಯ ಮುಚ್ಚಳಕ್ಕೆ ಆನಿಸಿಟ್ಟ ಅಂಗೈಯಗಲದ ಕನ್ನಡಿ, ಎದುರು ಚಕ್ಕಳಮಕ್ಕಳ ಹಾಕಿ ಕೂತ ಮಾವ. ಬಣ್ಣಕ್ಕೆ ಕೈ ಹಾಕುವ ಮೊದಲು ಅವರು ಎದ್ದು ಹೋಗಿ ರಂಗಸ್ಥಳದ ದೀಪ ಎಲ್ಲಿ ಕಟ್ಟಿದ್ದಾರೆ ಅಂತ ನೋಡಿಕೊಂಡು ಬರುತ್ತಿದ್ದರು. ಆಮೇಲೆ ಮುಖಕ್ಕೆ ಎಣ್ಣೆ ಸವರಿ, ಬಣ್ಣ ಹಚ್ಚಿ, ಕೆನ್ನೆಗೆ ಕೆಂಪು ತಾಗಿಸುವಾಗ ಒಮ್ಮೆ ಸುಮ್ಮನೆ ನಗುತ್ತಿದ್ದರು. ನಕ್ಕು, ನಗು ಬಿಟ್ಟು, ಕೆನ್ನೆ ಎಷ್ಟು ಇಳಿಯಿತು ಅಂತ ಬೆರಳಲ್ಲಿ ಮುಟ್ಟಿ ನೋಡಿ, ಆ ಬೆರಳಿಗಿಂತ ಒಂದಂಗುಲ ಮೇಲೆ ಕೆಂಪು ಹಚ್ಚುತ್ತಿದ್ದರು. ನನ್ನನ್ನು ಚೌಕಿಯ ಆ ತುದಿಗೆ ಕಳಿಸಿ ಕೇಳುತ್ತಿದ್ದರು, ‘ಅಲ್ಲಿಂದ ಕೆನ್ನೆ ಕಾಣ್ತದಾ?’

ಮೀಸೆ ಬೋಳಿಸಿದ ಗಂಡಸಿನ ದವಡೆ ಒಂದು ಗಂಟೆಯಲ್ಲಿ ದ್ರೌಪದಿಯ ಮುಖವಾಗುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅಲ್ಲಿ ಬಿಳಿ ಬಣ್ಣ ಮಾಡಿದ ಕೆಲಸ ಸ್ವಲ್ಪ. ದವಡೆಯ ಮೂಲೆಗೆ ಕೊಟ್ಟ ನೆರಳು, ಹುಬ್ಬಿನ ತುದಿಯನ್ನು ಮೇಲಕ್ಕೆ ಎಳೆದ ಕಡ್ಡಿಯ ಗೆರೆ, ಕಣ್ಣಿನ ಹೊರಮೂಲೆಯನ್ನು ಕಿವಿಯ ಕಡೆಗೆ ಚಾಚಿದ ಕಾಡಿಗೆ, ಕೆಲಸ ಮಾಡಿದ್ದು ಅವು. ಯಕ್ಷಗಾನದ ಶೈಲಿ ಬಡಗುತಿಟ್ಟು ಇರಲಿ ತೆಂಕುತಿಟ್ಟು ಇರಲಿ, ಮುಖವರ್ಣಿಕೆ ಗೊತ್ತಿರುವ ಹಿರಿಯ ಕಲಾವಿದರಿಗೆ ತಮ್ಮ ಮುಖದ ಮೂಳೆಗಳು ಬಾಯಿಪಾಠ ಬರುತ್ತವೆ. ತೆಂಕಿನ ಬಣ್ಣದ ವೇಷದವರು, ಅಂದರೆ ರಾಕ್ಷಸ ಪಾತ್ರದವರು, ಅಕ್ಕಿಹಿಟ್ಟು ಸುಣ್ಣ ಕಲಸಿ ಚುಟ್ಟಿ ಇಡುವುದು ನೋಡಿದ್ದೀರಲ್ಲ? ಮುಖವನ್ನು ಇಷ್ಟಿಷ್ಟೇ ಎತ್ತರಿಸಿ, ಬೆಳಕಿಗೆ ಒಂದು ದಿಬ್ಬ, ಪಕ್ಕದಲ್ಲಿ ಒಂದು ತಗ್ಗು ಕಟ್ಟುವ ಕೆಲಸ ಅದು. ಈಗ ಮೊಬೈಲ್‌ನಲ್ಲಿ ನೆರಳು ಕೊಡುವುದಕ್ಕೆ ಕಾಂಟೂರ್, ಹೊಳಪು ಕೊಡುವುದಕ್ಕೆ ಹೈಲೈಟ್ ಅಂತ ತೋರಿಸುವುದೆಲ್ಲ ಈ ವಿದ್ಯೆಯ ನೆಂಟರೇ.

ಹೊರದೇಶದಲ್ಲೂ ಇದು ಹೊರಟದ್ದು ರಂಗದಿಂದ, ಸಿನಿಮಾದಿಂದ. ನಮ್ಮ ನಾಟಕ ಕಂಪನಿಗಳಲ್ಲಿ, ಮೇಳಗಳಲ್ಲಿ ‘ಪ್ಯಾನ್‌ಕೇಕ್’ ಅನ್ನುವ ಹೆಸರು ಕೇಳಿರುತ್ತೀರಿ. ಅದು 1930ರ ದಶಕದಲ್ಲಿ ಹಾಲಿವುಡ್‌ನಲ್ಲಿ ಬಣ್ಣದ ಸಿನಿಮಾಗಳಿಗಾಗಿ ಮ್ಯಾಕ್ಸ್ ಫ್ಯಾಕ್ಟರ್ ಕಂಪನಿ ತಂದ, ಬಿಲ್ಲೆಯಾಗಿ ಒತ್ತಿದ ಬಣ್ಣ. 1990ರ ದಶಕದಲ್ಲಿ ಕೆವಿನ್ ಓಕ್ವಾನ್ ಎಂಬ ಅಮೆರಿಕದ ಮೇಕಪ್ ಕಲಾವಿದ ಈ ನೆರಳಿನ ವಿದ್ಯೆಯನ್ನು ಮನೆಮನೆಯ ಹೆಂಗಸರಿಗೆ ಅರ್ಥವಾಗುವ ಹಾಗೆ ಹೇಳಿಕೊಟ್ಟರು. ಕೆಲವು ವರ್ಷಗಳ ಹಿಂದೆ ಮೇರಿ ಫಿಲಿಪ್ಸ್ ಎಂಬ ಮೇಕಪ್ ಕಲಾವಿದೆಯಿಂದ ‘ಅಂಡರ್‌ಪೇಂಟಿಂಗ್’ ಅನ್ನುವ ಮಾತು ಹರಡಿತು. ನೆರಳು, ಬೆಳಕು, ಕೆನ್ನೆಯ ಬಣ್ಣ ಮೂರನ್ನೂ ಮೊದಲು ಹಚ್ಚಿ, ಅದರ ಮೇಲೆ ಫೌಂಡೇಶನನ್ನು ತೆಳುವಾಗಿ ಹಾಯಿಸುವುದು. ಒಳಗಿನ ನೆರಳು ಚರ್ಮದ ಅಡಿಯಿಂದಲೇ ಬಂದ ಹಾಗೆ ಕಾಣ್ತದೆ. ದಿನನಿತ್ಯಕ್ಕೆ, ನಮ್ಮ ಕರಾವಳಿಯ ಮುಖಕ್ಕೆ ನನಗೆ ತುಂಬ ಹಿಡಿಸಿದ ಕ್ರಮ ಇದು. ಇವತ್ತು ಟೀಚರಿಗೆ ಮಾಡುವುದೂ ಇದನ್ನೇ.

ಒಂದು ವ್ಯತ್ಯಾಸ ಮಾತ್ರ ನೆನಪಿಟ್ಟುಕೊಳ್ಳಿ. ಮಾವನ ಮುಖವನ್ನು ಜನ ಐವತ್ತು ಅಡಿ ದೂರದಿಂದ ನೋಡುತ್ತಿದ್ದರು. ನಿಮ್ಮ ಮುಖವನ್ನು ಬ್ಯಾಂಕಿನ ಕೌಂಟರಿನಲ್ಲಿ ಎರಡಡಿ ದೂರದಿಂದ ನೋಡುತ್ತಾರೆ. ವಿದ್ಯೆ ಅದೇ, ಅಳತೆ ಹತ್ತರಲ್ಲಿ ಒಂದು ಪಾಲು.

ಈಗ ಕೆಲಸಕ್ಕೆ ಬರುವ. ಟೀಚರ್ ಮುಖ ತೊಳೆದು ಬಂದಿದ್ದಾರೆ. ಜೆಲ್ ತರದ ಹಗುರವಾದ ಮಾಯಿಶ್ಚರೈಸರ್ ಒಂದು ಕಡಲೆಕಾಳಿನಷ್ಟು. ‘ಇಲ್ಲಿಯ ಸೆಕೆಗೆ ಅದು ಯಾಕೆ’ ಅಂತ ಕೇಳಬೇಡಿ, ಬೆವರು ಬೇರೆ, ಚರ್ಮದ ತೇವ ಬೇರೆ. ಆಮೇಲೆ ಸನ್‌ಸ್ಕ್ರೀನ್. ತೋರುಬೆರಳು ಮತ್ತು ನಡುಬೆರಳಿನ ಉದ್ದಕ್ಕೆ ಎರಡು ಗೆರೆ, ಮುಖಕ್ಕೂ ಕುತ್ತಿಗೆಗೂ ಸೇರಿ. ನಮ್ಮಲ್ಲಿ ಹೆರಿಗೆಯ ನಂತರ, ಅಥವಾ ನಲವತ್ತು ದಾಟಿದ ಮೇಲೆ ಬಂಗು ಬರುವವರು ಬಹಳ. ಅವರಿಗೆ ಬಿಸಿಲಿನಲ್ಲಿ ಕಣ್ಣಿಗೆ ಕಾಣುವ ಬೆಳಕಿನಿಂದಲೂ ತೊಂದರೆ ಹೆಚ್ಚುತ್ತದೆ. ಐರನ್ ಆಕ್ಸೈಡ್ ಇರುವ, ಮೈಬಣ್ಣದ ಟಿಂಟೆಡ್ ಸನ್‌ಸ್ಕ್ರೀನ್ ಆ ಬೆಳಕನ್ನೂ ಸ್ವಲ್ಪ ತಡೆಯುತ್ತದೆ. ಬಂಗು ಇದ್ದವರು ಅದನ್ನೇ ಕೇಳಿ ತಗೊಳ್ಳಿ. ಎಷ್ಟೋ ಜನಕ್ಕೆ ಅದೇ ಫೌಂಡೇಶನ್ ಆಗಿಯೂ ಸಾಕಾಗುತ್ತದೆ. ಹಚ್ಚಿ ಹತ್ತು ನಿಮಿಷ ಬಿಡಿ. ಅಷ್ಟರಲ್ಲಿ ಟಿಫಿನ್ ಬಾಕ್ಸ್ ಕಟ್ಟಬಹುದು.

ಇನ್ನು ನೆರಳು. ಬಣ್ಣ ಆರಿಸುವುದರಲ್ಲೇ ಅರ್ಧ ಜನ ಎಡವುತ್ತಾರೆ. ಅಂಗಡಿಯಲ್ಲಿ ಬ್ರಾಂಜರ್ ಅಂತ ಕೊಡುತ್ತಾರೆ, ಕಿತ್ತಳೆ ಛಾಯೆ, ಮೇಲೆ ಮಿನುಗು. ಅದು ಬಿಸಿಲಿಗೆ ಕಂದಿದ ಬಣ್ಣ, ನೆರಳಿನ ಬಣ್ಣ ಅಲ್ಲ. ಇನ್ನು ಕೆಲವು ಕಾಂಟೂರ್‌ಗಳು ತೀರಾ ಬೂದು. ಬಿಳಿ ಚರ್ಮಕ್ಕೆ ಅದು ಸರಿಯಾದ ನೆರಳು, ನಮ್ಮ ಗೋಧಿ ಬಣ್ಣಕ್ಕೆ, ಕಪ್ಪು ಬಣ್ಣಕ್ಕೆ ಹಚ್ಚಿದರೆ ಬೂದಿ ಮೆತ್ತಿದ ಹಾಗೆ. ನಿಮ್ಮ ನೆರಳಿನ ಬಣ್ಣ ತಿಳಿಯಬೇಕಾದರೆ ಕಿಟಕಿಯ ಬಳಿ ನಿಂತು ನಿಮ್ಮ ದವಡೆಯ ಅಡಿಯಲ್ಲಿ ಬಿದ್ದ ನೆರಳನ್ನು ನೋಡಿ. ಟೀಚರ್, ಸ್ವಲ್ಪ ತಲೆ ಎತ್ತಿ. ನೋಡಿ, ಇದು ಹಾಲು ಹಾಕದ ಕಾಫಿಗೆ ಒಂದು ಚಮಚ ಹಾಲು ಬಿದ್ದ ಹಾಗಿನ ಕಂದು. ಕೆಂಪು ಸ್ವಲ್ಪ ಉಂಟು, ಕಿತ್ತಳೆ ಇಲ್ಲ. ಅದೇ ಬಣ್ಣದ ಕ್ರೀಮ್ ಸ್ಟಿಕ್ ಹುಡುಕಿ. ಮೈಬಣ್ಣಕ್ಕಿಂತ ಎರಡು ಛಾಯೆ ದಟ್ಟ ಇದ್ದರೆ ಸಾಕು. ಪ್ರತ್ಯೇಕ ಕಾಂಟೂರ್ ಅಂತಲೇ ಆಗಬೇಕಿಲ್ಲ, ಕಲೆ ಮುಚ್ಚಲು ಹಚ್ಚುವ ಕನ್ಸೀಲರ್ ದಟ್ಟ ಛಾಯೆಯದ್ದಾದರೆ ಅದೂ ಆಗುತ್ತದೆ.

ಜಾಗ. ಕನ್ನಡಕ ಹಾಕುವವರಿಗೆ ಗೊತ್ತು, ಅದರ ಕಾಲು ಕಿವಿಯ ಮೇಲೆ ಕೂರುವ ಒಂದು ಕಡೆ ಉಂಟು. ಅದಕ್ಕಿಂತ ಸ್ವಲ್ಪ ಕೆಳಗಿನಿಂದ ಕೆನ್ನೆಮೂಳೆಯ ಕೆಳ ಅಂಚನ್ನು ಬೆರಳಿನಿಂದ ಹುಡುಕಿ. ನೀವೆಲ್ಲ ನಿಮ್ಮ ನಿಮ್ಮ ಮುಖದಲ್ಲೇ ಮುಟ್ಟಿ ನೋಡಿ. ಗಟ್ಟಿಯಾದದ್ದು ಮೂಳೆ, ಬೆರಳು ಜಾರಿ ಒಳಗೆ ಹೋಗುವುದು ಗುಳಿ. ಕಾಂಟೂರ್ ಹಚ್ಚಬೇಕಾದದ್ದು ಗುಳಿಯೊಳಗಲ್ಲ, ಮೂಳೆಯ ಕೆಳ ಅಂಚಿನ ಮೇಲೆ. ಗುಳಿಯಲ್ಲಿ ಹಚ್ಚಿದರೆ ಮುಖ ಬತ್ತಿದ ಹಾಗೆ, ಕಾಯಿಲೆಯಿಂದ ಎದ್ದ ಹಾಗೆ ಕಾಣುತ್ತದೆ. ಸ್ಟಿಕ್‌ನಿಂದ ನೇರ ಮುಖಕ್ಕೆ ಗೆರೆ ಎಳೆಯಬೇಡಿ. ಅಂಗೈ ಹಿಂಬದಿಗೆ ಸ್ವಲ್ಪ ಉಜ್ಜಿ, ಬ್ರಷ್‌ನಲ್ಲೋ ಉಂಗುರ ಬೆರಳಲ್ಲೋ ತೆಗೆದು, ಕಿವಿಯ ಕಡೆಯಿಂದ ಒತ್ತುತ್ತಾ ಬನ್ನಿ. ಹೆಚ್ಚಿನ ಬಣ್ಣ ಕಿವಿಯ ಬದಿಗೆ ಇರಲಿ, ಮುಂದೆ ಬಂದ ಹಾಗೆ ಕಡಿಮೆಯಾಗಲಿ.

ನಿಲ್ಲುವುದೆಲ್ಲಿ? ಕಣ್ಣಿನ ಹೊರಮೂಲೆಯಿಂದ ಒಂದು ನೂಲು ಇಳಿಬಿಟ್ಟಿದ್ದೀರಿ ಅಂತ ಇಟ್ಟುಕೊಳ್ಳಿ. ನೆರಳು ಆ ನೂಲಿನ ಹೊರಗೇ ನಿಲ್ಲಬೇಕು. ಒಳಗೆ ಬಂದು ಬಾಯಿಯ ಕಡೆಗೆ ಇಳಿಯಿತೋ, ನೋಡುವವರ ಕಣ್ಣೂ ಅದರ ಜೊತೆ ಕೆಳಗೆ ಇಳಿಯುತ್ತದೆ. ಅದೇ ಜೋತುಬಿದ್ದ ಮುಖ. ಟೀಚರ ಬಲಗೆನ್ನೆಯಲ್ಲಿ ನೂಲಿನ ಹೊರಗೆ ನಿಲ್ಲಿಸುತ್ತೇನೆ, ಎಡಗೆನ್ನೆಯಲ್ಲಿ ಬೇಕೆಂದೇ ಒಂದು ಬೆರಳಿನಷ್ಟು ಮುಂದೆ ತರುತ್ತೇನೆ. ಈಗ ನೇರ ತಿರುಗಿ. ಎಡಬದಿ ದಣಿದ ಹಾಗೆ ಕಾಣ್ತದಾ? ಬಣ್ಣ ಒಂದೇ, ಕೈ ಒಂದೇ, ಮುಖ ಒಬ್ಬರದ್ದೇ. ಬೆರಳಿನಷ್ಟು ಜಾಗದ ವ್ಯತ್ಯಾಸ ಇದು. ಎಡಬದಿಯನ್ನು ಒದ್ದೆ ಸ್ಪಾಂಜ್‌ನಲ್ಲಿ ಮೇಲ್ಮುಖವಾಗಿ ಒತ್ತಿ ಸರಿಮಾಡುತ್ತೇನೆ.

ದವಡೆಯ ಮೂಲೆಗೂ ಒಂಚೂರು, ಅದೂ ಕೆಳ ಅಂಚಿಗೆ. ಮೂಗಿಗೆ ನಾನು ನೆರಳು ಕೊಡುವುದಿಲ್ಲ. ಮೂಗನ್ನು ಸಪೂರ ಮಾಡಿ ಅಂತ ಕೇಳಿಕೊಂಡು ಬರುವ ಹುಡುಗಿಯರಿಗೆ ನಾನು ಕನ್ನಡಿ ಕೊಟ್ಟು, ನಿಮ್ಮ ಅಜ್ಜಿಯ ಮೂಗುಬಟ್ಟು ಕೂರುವುದು ಈ ಮೂಗಿನ ಮೇಲೆಯೇ ಅಂತ ಹೇಳುತ್ತೇನೆ. ಮದುವೆಯ ಫೋಟೋಕ್ಕೆ ಬೇಕಾದರೆ ಬೇರೆ ಮಾತು. ದಿನಾ ಹತ್ತಿರದಿಂದ ನೋಡುವ ಮುಖದಲ್ಲಿ ಮೂಗಿನ ಬದಿಯ ಎರಡು ಗೆರೆ ಮೊದಲು ಕಣ್ಣಿಗೆ ಬೀಳುತ್ತದೆ.

ಕೆನ್ನೆಯ ಕೆಂಪಿಗೆ ಮಾವನ ಕ್ರಮವೇ ಸರಿ. ನಗಿ ಅಂತ ಹೇಳಿ ಉಬ್ಬಿದ ಕೆನ್ನೆಯ ತುದಿಗೆ ಬ್ಲಶ್ ಹಚ್ಚುವುದನ್ನು ಎಲ್ಲರೂ ಕಲಿಸುತ್ತಾರೆ. ನಗು ನಿಂತ ಮೇಲೆ ಆ ಕೆಂಪು ಮೂಗಿನ ಬುಡಕ್ಕೆ ಇಳಿದಿರುತ್ತದೆ. ನಗು ನಿಲ್ಲಿಸಿ, ಕಣ್ಣಪಾಪೆಯ ಹೊರ ಅಂಚಿನ ನೇರಕ್ಕೆ ಶುರುಮಾಡಿ, ಕೆನ್ನೆಮೂಳೆಯ ಮೇಲಿನಿಂದ ಕಿವಿಯ ಮೇಲಿನ ಕೂದಲಿನ ಕಡೆಗೆ ಒತ್ತುತ್ತಾ ಹೋಗಿ. ಕಾಂಟೂರಿನ ಮೇಲಿನ ಅಂಚೂ ಬ್ಲಶ್‌ನ ಕೆಳ ಅಂಚೂ ಒಂದಕ್ಕೊಂದು ಕರಗಬೇಕು, ನಡುವೆ ಗಡಿ ಕಾಣಬಾರದು. ನಮ್ಮ ಮೈಬಣ್ಣಕ್ಕೆ ಸಪ್ಪೆ ಗುಲಾಬಿ ಹಚ್ಚಿದರೆ ಸುಣ್ಣದ ಹಾಗೆ ಕೂರುತ್ತದೆ. ಬೇಲಿಯ ಕೇಪಳದ ಕೆಂಪು, ಪುನರ್ಪುಳಿ ಶರಬತ್ತಿನ ಬಣ್ಣ, ಇಟ್ಟಿಗೆ ಕೆಂಪು, ಇಂಥವು ಡಬ್ಬಿಯಲ್ಲಿ ಹೆದರಿಸುತ್ತವೆ, ಮುಖದಲ್ಲಿ ರಕ್ತ ಬಂದ ಹಾಗೆ ಕಾಣುತ್ತವೆ. ತುಟಿಗೂ ಅದನ್ನೇ ಬೆರಳಲ್ಲಿ ತಾಗಿಸಿದರೆ ಬೇರೆ ಲಿಪ್‌ಸ್ಟಿಕ್ ಬೇಡ. ಬಾಯಿಯ ಮೂಲೆಗಳಿಗೆ ಮಾತ್ರ ಬಣ್ಣ ಎಳೆಯಬೇಡಿ.

ಈಗ ಇದರ ಮೇಲೆ ಫೌಂಡೇಶನ್. ಇಲ್ಲಿ ನನ್ನ ಒಂದು ನೋವಿನ ಕತೆ ಹೇಳಲೇಬೇಕು. ಕೆಲಸ ಶುರುಮಾಡಿದ ಎರಡನೇ ವರ್ಷ, ಮಂಗಳೂರಿನಲ್ಲಿ ಒಂದು ಮದುವೆ. ಹುಡುಗಿ ಕಪ್ಪಗೆ, ತುಂಬ ಲಕ್ಷಣವಾದ ಮುಖ. ಮನೆಯವರು ‘ಸ್ವಲ್ಪ ಬೆಳ್ಳಗೆ ಮಾಡಿ’ ಅಂದರು, ನಾನು ಮಾಡಿದೆ. ಎರಡು ಛಾಯೆ ತಿಳಿಯಾದ ಫೌಂಡೇಶನ್, ಮೇಲೆ ಸಿಲಿಕಾದ ಬಿಳಿ ಪೌಡರ್. ಕನ್ನಡಿಯಲ್ಲಿ ಚೆನ್ನಾಗಿಯೇ ಇತ್ತು. ಫೋಟೋಗಳು ಬಂದಾಗ ಕ್ಯಾಮೆರಾದ ಫ್ಲ್ಯಾಶ್ ಆ ಪೌಡರಿಗೆ ಬಡಿದು ಕಣ್ಣಿನ ಕೆಳಗೆ ಎರಡು ಬಿಳಿ ತೇಪೆ, ಮುಖ ಒಂದು ಬಣ್ಣ, ಕೈ ಒಂದು ಬಣ್ಣ. ಹುಡುಗಿ ಜಗಳ ಮಾಡಲಿಲ್ಲ. ‘ಅಕ್ಕ, ಆಲ್ಬಮ್‌ನಲ್ಲಿ ನಾನು ಎಲ್ಲೂ ಇಲ್ಲ’ ಅಂದಳು, ಅಷ್ಟೇ. ಆ ಮಾತು ಇವತ್ತಿಗೂ ನನ್ನ ಎದೆಯಲ್ಲಿ ಕೂತಿದೆ. ಅಂದಿನಿಂದ ಯಾರು ಎಷ್ಟು ಕೇಳಿದರೂ ಒಂದು ಛಾಯೆ ಕೂಡ ತಿಳಿ ಮಾಡುವುದಿಲ್ಲ. ಒಪ್ಪದಿದ್ದರೆ ಅಡ್ವಾನ್ಸ್ ವಾಪಸು ಕೊಡುತ್ತೇನೆ. ಬೆಳ್ಳಗೆ ಮಾಡುವ ಕ್ರೀಮುಗಳ ಬಗ್ಗೆಯೂ ಕೈಮುಗಿದು ಹೇಳುತ್ತೇನೆ, ಲೇಬಲ್ ಇಲ್ಲದ, ತಯಾರಕರ ವಿಳಾಸ ಇಲ್ಲದ ಡಬ್ಬಿ ಮುಟ್ಟಬೇಡಿ. ಅಂಥವುಗಳಲ್ಲಿ ಪಾದರಸ ಸಿಕ್ಕಿದ್ದುಂಟು, ಪಾದರಸ ಮೂತ್ರಪಿಂಡವನ್ನು ಹಾಳುಮಾಡುತ್ತದೆ.

ಫೌಂಡೇಶನ್ ಛಾಯೆಯನ್ನು ಕೈಯ ಮೇಲೆ ನೋಡಬೇಡಿ, ದವಡೆ ಮತ್ತು ಕುತ್ತಿಗೆ ಸೇರುವಲ್ಲಿ ಹಚ್ಚಿ. ಅಂಗಡಿಯ ಹೊರಗೆ ಬಂದು ಹಗಲಿನ ಬೆಳಕಿನಲ್ಲಿ, ಹತ್ತು ನಿಮಿಷ ಬಿಟ್ಟು ನೋಡಿ. ಕೆಲವು ಫೌಂಡೇಶನ್‌ಗಳು ಗಾಳಿ ಮತ್ತು ಚರ್ಮದ ಎಣ್ಣೆ ತಾಗಿ ಕಪ್ಪಾಗುತ್ತವೆ. ಹಚ್ಚುವುದು ಎಲ್ಲ ಕಡೆಗಲ್ಲ. ಮೂಗಿನ ಬದಿ, ಬಾಯಿಯ ಸುತ್ತ ಕಪ್ಪಾದ ಜಾಗ, ಹಣೆಯ ನಡು. ಸ್ಪಾಂಜ್‌ನಲ್ಲಿ ಉಳಿದದ್ದನ್ನು ಮಾತ್ರ ಕೆನ್ನೆಯ ಮೇಲೆ ಹಾಯಿಸಿ. ಒಳಗಿನ ನೆರಳು ಮುಚ್ಚಿಹೋಗಬಾರದು. ಕಣ್ಣಿನ ಕೆಳಗಿನ ನೀಲಿ ಮಿಶ್ರಿತ ಕಪ್ಪಿಗೆ ಮೊದಲು ಪೀಚ್ ಅಥವಾ ಕಿತ್ತಳೆ ಬಣ್ಣದ ಕರೆಕ್ಟರ್ ಚುಕ್ಕೆಯಷ್ಟು, ಆಮೇಲೆ ಕನ್ಸೀಲರ್. ನೀಲಿಯನ್ನು ಅಳಿಸುವುದು ಕಿತ್ತಳೆ, ಬಿಳಿ ಹಚ್ಚಿದರೆ ಅದು ಬೂದಿಯಾಗುತ್ತದೆ. ಕನ್ಸೀಲರನ್ನು ದೊಡ್ಡ ತ್ರಿಕೋನ ಬರೆದು ತುಂಬುವುದು ಬೇಡ. ಕಣ್ಣಿನ ಒಳಮೂಲೆಗೆ ಒಂದು ಚುಕ್ಕೆ, ಹೊರಮೂಲೆಯಿಂದ ಹುಬ್ಬಿನ ತುದಿಯ ಕಡೆಗೆ ಏರುವ ಒಂದು ಸಣ್ಣ ಗೆರೆ. ಆ ಗೆರೆಯೇ ಕಣ್ಣನ್ನು ಎತ್ತುವುದು.

ಹಿಂದಿನ ಸಾಲಿನಿಂದ ಒಂದು ಪ್ರಶ್ನೆ ಬಂತು: ‘ಮಳೆಗಾಲದಲ್ಲಿ ಇದೆಲ್ಲ ನಿಲ್ತದಾ? ಬಸ್ಸಿನಿಂದ ಇಳಿಯುವಾಗ ಅರ್ಧ ಮುಖ ಕರ್ಚೀಫಿನಲ್ಲಿ ಇರ್ತದೆ.’ ನ್ಯಾಯವಾದ ಪ್ರಶ್ನೆ. ವರ್ಷಕ್ಕೆ 3,500 ಮಿಲಿಮೀಟರ್‌ಗಿಂತ ಹೆಚ್ಚು ಮಳೆ ಬೀಳುವ ಊರು ನಮ್ಮದು. ಗಾಳಿಯಲ್ಲೇ ನೀರು ತುಂಬಿರುವಾಗ ಬೆವರು ಆರುವುದಿಲ್ಲ, ಮುಖದ ಮೇಲೇ ನಿಲ್ಲುತ್ತದೆ, ಬಣ್ಣ ಅದರ ಮೇಲೆ ತೇಲುತ್ತದೆ. ಪದರ ದಪ್ಪ ಇದ್ದಷ್ಟೂ ಬೇಗ ಜಾರುತ್ತದೆ. ಅದಕ್ಕೇ ಈ ತೆಳು ಕ್ರಮ. ಕ್ರೀಮ್ ಹಚ್ಚಿದ ಮೇಲೆ ಒಂದು ಟಿಶ್ಯೂ ಇಟ್ಟು ಒತ್ತಿ ಎಣ್ಣೆ ತೆಗೆಯಿರಿ. ಕ್ರೀಮ್ ಬ್ಲಶ್‌ನ ಮೇಲೆ ಅದೇ ಛಾಯೆಯ ಪೌಡರ್ ಬ್ಲಶ್ಶನ್ನು ಒಂದು ಸಲ ಹಾಯಿಸಿ. ಮುಖಕ್ಕೆ ಹಾಕುವ ಪೌಡರನ್ನು ಸಣ್ಣ ಪಫ್‌ನಲ್ಲಿ ಮೂಗು, ಹಣೆ, ಗಲ್ಲಕ್ಕೆ ಮಾತ್ರ ಒತ್ತಿ. ಕೆನ್ನೆಮೂಳೆಯ ಮೇಲೆ ಬೇಡ, ಅಲ್ಲಿ ಬರುವ ಸ್ವಂತ ಹೊಳಪೇ ನಮ್ಮ ಹೈಲೈಟರ್. ಬೆವರು ಬಂದಾಗ ಉಜ್ಜಬೇಡಿ, ಒತ್ತಿ ತೆಗೆಯಿರಿ. ಏಪ್ರಿಲ್, ಮೇ ತಿಂಗಳ ಸೆಕೆಗೂ ಇದೇ ಮದ್ದು.

ಹುಬ್ಬು, ಕಣ್ಣು ಚುಟುಕಾಗಿ ಹೇಳುತ್ತೇನೆ. ಥ್ರೆಡಿಂಗ್‌ನವರಿಗೆ ಹುಬ್ಬಿನ ಬಾಲ ಸಪೂರ ಮಾಡಬೇಡಿ ಅಂತ ಮೊದಲೇ ಹೇಳಿ. ಮೂಗಿನ ಹೊಳ್ಳೆಯ ಬದಿಯಿಂದ ಕಣ್ಣಿನ ಹೊರಮೂಲೆಗೆ ಪೆನ್ಸಿಲ್ ಇಟ್ಟರೆ ಅದು ಹುಬ್ಬನ್ನು ಮುಟ್ಟುವಲ್ಲಿ ಬಾಲ ಮುಗಿಯಬೇಕು. ಆ ತುದಿ ಹುಬ್ಬಿನ ಬುಡಕ್ಕಿಂತ ಕೆಳಗೆ ಇಳಿದರೆ ಕಣ್ಣೂ ಇಳಿಯುತ್ತದೆ. ಕಾಡಿಗೆ ಬಿಡಿ ಅಂತ ನಾನು ಹೇಳುವುದಿಲ್ಲ, ನಮ್ಮ ಕಣ್ಣಿಗೆ ಅದು ಒಪ್ಪುತ್ತದೆ. ಕೆಳರೆಪ್ಪೆಯಲ್ಲಿ ಹೊರಮೂಲೆಯವರೆಗೆ ತುಂಬಬೇಡಿ, ಕಾಲು ಭಾಗ ಖಾಲಿ ಬಿಡಿ. ಮೇಲಿನ ರೆಪ್ಪೆಯ ಕೂದಲ ಬುಡದಲ್ಲಿ ತೆಳುವಾಗಿ ಎಳೆದು, ತುದಿಯನ್ನು ಹುಬ್ಬಿನ ಬಾಲದ ಕಡೆಗೆ ಅಕ್ಕಿಕಾಳಿನಷ್ಟು ಏರಿಸಿ. ಬೊಟ್ಟನ್ನು ಹುಬ್ಬುಗಳ ನಡುವೆ ಇಡುವ ಬದಲು ಒಂಚೂರು ಮೇಲೆ ಇಟ್ಟು ನೋಡಿ.

ಕೊನೆಯ ಪ್ರಶ್ನೆ ಮುಂದಿನ ಸಾಲಿನಲ್ಲಿದ್ದ ಹಿರಿಯರದು. ‘ನನಗೆ ಅರುವತ್ತೆರಡು. ಕೆನ್ನೆಯೇ ಕೆಳಗೆ ಬಂದಿದೆ. ನನಗೆಲ್ಲಿಯ ನೆರಳು?’ ಅಮ್ಮ, ನಿಮಗೇ ಇದು ಹೆಚ್ಚು ಉಪಯೋಗ. ವಯಸ್ಸಾದ ಹಾಗೆ ಕೆನ್ನೆಯ ಕೊಬ್ಬು ತಗ್ಗಿ, ಜಾರಿ, ಕಣ್ಣಿನ ಕೆಳಗೂ ಬಾಯಿಯ ಬದಿಗೂ ನೆರಳು ಬೀಳುತ್ತದೆ. ಅಂದರೆ ನೆರಳು ಆಗಲೇ ಉಂಟು, ತಪ್ಪು ಜಾಗದಲ್ಲಿ. ಹಾಗಾಗಿ ನಿಮಗೆ ಕಾಂಟೂರ್ ತೀರಾ ಕಡಿಮೆ, ಕಿವಿಯ ಬದಿಗೆ ಮಾತ್ರ. ಬಾಯಿಯ ಬದಿಯ ಗೆರೆಯ ನೆರಳಿಗೆ ಕನ್ಸೀಲರಿನ ಒಂದು ಕೂದಲೆಳೆ, ಕೆನ್ನೆಯ ಕೆಂಪು ಇನ್ನೂ ಅರ್ಧ ಇಂಚು ಮೇಲೆ, ಎಲ್ಲವೂ ಕ್ರೀಮ್. ಪೌಡರ್ ಬೇಡ, ಅದು ಸುಕ್ಕಿನೊಳಗೆ ಕೂತು ಸುಕ್ಕನ್ನು ಎಣಿಸಿ ತೋರಿಸುತ್ತದೆ. ಬನ್ನಿ, ಕೂತುಕೊಳ್ಳಿ. ಅವರಿಗೆ ನಾನು ಹಚ್ಚಿದ್ದು ನಾಲ್ಕೇ ಬೊಟ್ಟು ಬಣ್ಣ, ಆರು ನಿಮಿಷ. ಕನ್ನಡಿ ಕೊಟ್ಟಾಗ ಅವರು ಮುಖವನ್ನು ನೇರ ನೋಡಲಿಲ್ಲ, ಬದಿಗೆ ತಿರುಗಿ ಕೆನ್ನೆಮೂಳೆಯನ್ನು ಬೆರಳಲ್ಲಿ ಮುಟ್ಟಿದರು. ‘ಇದು ನನ್ನ ಅಮ್ಮನ ಮೂಳೆ’ ಅಂದರು.

ರಾತ್ರಿ ತೆಗೆಯುವುದನ್ನು ಹೇಳಿ ಮುಗಿಸುತ್ತೇನೆ. ಬೆಳಗಿನ ಜಾವ ಆಟ ಮುಗಿದ ಮೇಲೆ ಮಾವ ತೆಂಗಿನೆಣ್ಣೆ ಹಚ್ಚಿ, ಹಳೆಯ ಪಂಚೆಯ ತುಂಡಿನಿಂದ ಒರೆಸಿಯೇ ಮಲಗುತ್ತಿದ್ದರು, ಎಷ್ಟೇ ದಣಿದಿದ್ದರೂ. ಮೊಡವೆ ಇಲ್ಲದವರಿಗೆ ಅದು ಇವತ್ತಿಗೂ ಸಾಕು, ಆಮೇಲೆ ಫೇಸ್‌ವಾಶ್‌ನಲ್ಲಿ ತೊಳೆಯಬೇಕು ಅಷ್ಟೇ. ಮೊಡವೆ ಇರುವವರ ರಂಧ್ರಗಳನ್ನು ತೆಂಗಿನೆಣ್ಣೆ ಕಟ್ಟುತ್ತದೆ, ಅವರು ಮೇಕಪ್ ತೆಗೆಯಲೆಂದೇ ಸಿಗುವ ಮೈಸೆಲ್ಲಾರ್ ನೀರಿನಲ್ಲಿ ಹತ್ತಿಯನ್ನು ಅದ್ದಿ ಬಣ್ಣ ತೆಗೆದು ತೊಳೆಯಲಿ. ಸ್ಪಾಂಜನ್ನು ವಾರಕ್ಕೆ ಎರಡು ಸಲ ಸೋಪಿನಲ್ಲಿ ತೊಳೆದು ಬಿಸಿಲಿಗೆ ಇಡಿ. ಮಳೆಗಾಲದಲ್ಲಿ ನಮ್ಮ ಬಟ್ಟೆಗೇ ಬೂಷ್ಟು ಹಿಡಿಯುತ್ತದೆ, ಸ್ಪಾಂಜ್ ಬಿಡುತ್ತದಾ? ಫ್ಯಾನಿನ ಕೆಳಗೆ ಒಣಗಿಸಿ, ಒಳಗೆ ಕಪ್ಪು ಚುಕ್ಕೆ ಕಂಡರೆ ಅದೇ ದಿನ ಎಸೆಯಿರಿ.

ಟೀಚರಿಗೆ ಬಸ್ಸಿಗೆ ಹೊತ್ತಾಯಿತು. ಲೈಟ್ ಹಾಕಿ, ಅವರನ್ನು ಒಮ್ಮೆ ನೋಡಿಯೇ ಕಳಿಸುವ.